ಇಪ್ಪತ್ತನಾಲ್ಕು ವರ್ಷ ಅಡಗಿದ್ದ ದೋಷ

ಎರಡು ಗಣಕಯಂತ್ರಗಳ ನಡುವೆ ಭಾರಿ ಕಡತವೊಂದು ಸಾಗುತ್ತಿದೆ. ಇದ್ದಕ್ಕಿದ್ದಂತೆ ಎರಡೂ ಮೌನ ತಾಳುತ್ತವೆ. ತಂತಿ ಕಡಿದಿಲ್ಲ, ಯಂತ್ರ ಕೆಟ್ಟಿಲ್ಲ. ಆದರೂ ಒಂದಕ್ಷರವೂ ಕದಲದು. ಗ್ರೀಸ್ ದೇಶದ ಸ್ಕ್ರೂಟ್ಸ್ ಸಂಸ್ಥೆಯ ತಂತ್ರಜ್ಞರಿಗೆ ಆಗಾಗ ಎದುರಾಗುತ್ತಿದ್ದ ಈ ಸ್ತಂಭನದ ಬೇರು ಲಿನಕ್ಸ್‌ನ ತಿರುಳಾದ ಕರ್ನೆಲ್ಲಿನಲ್ಲಿ 1996ರಿಂದಲೂ ಅಡಗಿತ್ತು.

ಇದನ್ನು ಅರಿಯಲು ಗಡಿಯಾರವನ್ನು ನೆನೆಯೋಣ. ಟಿಸಿಪಿ ಎಂಬ ನಿಯಮಾವಳಿಯು ಸಾಗುವ ಪ್ರತಿಯೊಂದು ಬೈಟಿಗೂ ಕ್ರಮಸಂಖ್ಯೆ ಕೊಡುತ್ತದೆ. ಈ ಸಂಖ್ಯೆಗೆ ಇರುವುದು 32 ಬಿಟ್‌ಗಳಷ್ಟೆ. ಆದಕಾರಣ 4,29,49,67,295 ಆದೊಡನೆ ಎಣಿಕೆ ಮತ್ತೆ ಸೊನ್ನೆಗೆ ಮರಳುತ್ತದೆ. 12 ಆದಮೇಲೆ 1 ಬರುವಂತೆ. ಹಾಗಾದರೆ ಎರಡು ಸಂಖ್ಯೆಗಳಲ್ಲಿ ಹೊಸದು ಯಾವುದು? ಅರ್ಧ ಸುತ್ತಿನೊಳಗೆ ಮುಂದಿರುವುದು ಹೊಸದು, ಅದನ್ನು ಮೀರಿದ್ದು ಹಳೆಯದು ಎಂಬುದು ನಿಯಮ. 11ಕ್ಕೆ ಹೋಲಿಸಿದರೆ 1 ಹೊಸದು. 6 ಮಾತ್ರ ಹಳೆಯದೆಂದು ತೋರುತ್ತದೆ.

ಈಗ ‘ಅ’ ಮತ್ತು ‘ಆ’ ಎಂಬ ಎರಡು ಯಂತ್ರಗಳನ್ನು ಊಹಿಸೋಣ. ‘ನನ್ನಲ್ಲಿ ಸ್ಥಳವಿಲ್ಲ’ ಎಂದು ‘ಆ’ ತಿಳಿಸಿದರೆ ‘ಅ’ ಕಳುಹಿಸುವುದನ್ನು ನಿಲ್ಲಿಸುತ್ತದೆ. ತಡವಾಗಿ ಬಂದ ಹಳೆಯ ಸೂಚನೆಗೆ ಮೋಸಹೋಗದಿರಲೆಂದು, ಕೊನೆಯ ಸೂಚನೆಯ ಕ್ರಮಸಂಖ್ಯೆಯನ್ನು ಅದು ಗುರುತುಹಾಕಿಕೊಂಡಿರುತ್ತದೆ. ಆದರೆ ಸಾಲಾಗಿ ಬರುವ ಮಾಹಿತಿಯನ್ನು ಬೇಗ ಸ್ವೀಕರಿಸಲು 1996ರಲ್ಲಿ ಸೇರಿಸಿದ ಅಡ್ಡದಾರಿಯು ಈ ಗುರುತನ್ನು ಮುಂದಕ್ಕೆ ಸರಿಸುತ್ತಿರಲಿಲ್ಲ!

‘ಅ’ ಹೀಗೆ ಕಾಯುತ್ತಿರುವಾಗಲೇ ‘ಆ’ ತನ್ನ ಕಡೆಯಿಂದ 2,14,74,83,648 ಬೈಟುಗಳಿಗಿಂತ ಹೆಚ್ಚು ಕಳುಹಿಸಿತೆನ್ನೋಣ. ಎಣಿಕೆ ಅರ್ಧ ಸುತ್ತನ್ನು ದಾಟಿತು. ಅನಂತರ ‘ಆ’ ‘ಸ್ಥಳ ತೆರವಾಗಿದೆ, ಕಳುಹಿಸು’ ಎನ್ನುತ್ತದೆ. ಹಳೆಯ ಗುರುತಿಗೆ ಹೋಲಿಸಿದ ‘ಅ’ ಆ ಹೊಸ ಸೂಚನೆಯನ್ನೇ ಹಳೆಯದೆಂದು ತಳ್ಳಿಹಾಕುತ್ತದೆ. ಒಂದು ಅನುಮತಿಗಾಗಿ, ಇನ್ನೊಂದು ಮಾಹಿತಿಗಾಗಿ ಕಾಯುತ್ತ ಕುಳಿತುಬಿಡುತ್ತವೆ.

ಈ ದೋಷ ಇಷ್ಟು ಕಾಲ ಕಣ್ತಪ್ಪಿಸಿಕೊಂಡದ್ದು ಹೇಗೆ? ಸಾಮಾನ್ಯವಾಗಿ ‘ಅ’ ಏನನ್ನಾದರೂ ಕಳುಹಿಸಿ ಅದಕ್ಕೆ ಸ್ವೀಕೃತಿ ಪಡೆದೊಡನೆ ಗುರುತು ತಾನಾಗಿಯೇ ಹೊಸದಾಗುತ್ತಿತ್ತು. ಪೂರ್ಣ ಸುತ್ತು ದಾಟಿದರೂ ಲೆಕ್ಕ ಮತ್ತೆ ಸರಿಹೋಗುತ್ತಿತ್ತು. ಒಂದು ಕಡೆ ಸಂಪೂರ್ಣ ತಡೆಯುಂಟಾಗಿ, ಇನ್ನೊಂದು ಕಡೆ ಎರಡು ಶತಕೋಟಿಗೂ ಮಿಕ್ಕ ಬೈಟುಗಳು ಹರಿದು, ಸರಿಯಾಗಿ ಆ ಅರ್ಧದಲ್ಲೇ ಪ್ರವಾಹ ನಿಂತಾಗ ಮಾತ್ರ ಬಲೆ ಬಿಗಿಯುತ್ತಿತ್ತು. 1996ರಲ್ಲಿ ಒಂದೇ ಸಂಪರ್ಕದಲ್ಲಿ ಅಷ್ಟು ಮಾಹಿತಿ ಹರಿಯುವುದೇ ಅಪರೂಪವಾಗಿತ್ತು.

2020ರಲ್ಲಿ ಪರಿಹಾರ ದೊರಕಿತು. ಅಡ್ಡದಾರಿಯಲ್ಲೂ ಗುರುತನ್ನು ಸರಿಸುವ ಕೆಲವೇ ಸಾಲುಗಳು ಸಾಕಾದವು. ಅಪರೂಪಕ್ಕೆ ಕಾಣುವ ದೋಷವನ್ನು ಆಕಸ್ಮಿಕವೆಂದು ನಾವು ಬಿಟ್ಟುಬಿಡುವುದುಂಟು. ಆದರೆ ಅದಕ್ಕೂ ನಿಯತವಾದ ಕಾರಣವೊಂದಿದ್ದೀತೆಂದು ನಂಬಿ ಬೆನ್ನುಹತ್ತುವವನಿಗೇ ನಿಸರ್ಗವಾಗಲಿ ಯಂತ್ರವಾಗಲಿ ಗುಟ್ಟು ಬಿಟ್ಟುಕೊಡುತ್ತದೆ.