ಗಿಲ್ಡ್ ಸೇರಿದರೆ ಆಟದ ಸೊಗಸು ಹೆಚ್ಚುತ್ತದೆಯೇ?

ನಿಮ್ಮ ಮನೆಯಲ್ಲಿ ಹೈಸ್ಕೂಲಿಗೋ ಪಿಯುಸಿಗೋ ಹೋಗುವ ಹುಡುಗನಿದ್ದರೆ ‘ಗಿಲ್ಡ್’ ಎಂಬ ಪದ ಒಮ್ಮೆಯಾದರೂ ನಿಮ್ಮ ಕಿವಿಗೆ ಬಿದ್ದಿರುತ್ತದೆ. ಊಟಕ್ಕೆ ಕರೆದಾಗ “ಅಮ್ಮಿ, ಐದು ನಿಮಿಷ, ಗಿಲ್ಡ್‌ನವರು ಕಾಯುತ್ತಿದ್ದಾರೆ” ಎನ್ನುತ್ತಾನೆ. ಆ ಐದು ನಿಮಿಷ ಐವತ್ತಾಗುತ್ತದೆ. ತಂದೆ ಬಂದು ಮೊಬೈಲ್ ಕಸಿದುಕೊಳ್ಳುತ್ತಾರೆ, ಹುಡುಗ ಮುಖ ಊದಿಸಿಕೊಂಡು ಮಲಗುತ್ತಾನೆ. ಮರುದಿನ ಮತ್ತೆ ಅದೇ ಕತೆ. ಈ ಜಗಳದಲ್ಲಿ “ಎಷ್ಟು ಹೊತ್ತು ಆಡುತ್ತೀಯ?” ಎಂದು ನಾವು ನೂರು ಸಲ ಕೇಳಿರುತ್ತೇವೆ. “ಯಾರ ಜೊತೆ ಆಡುತ್ತೀಯ?” ಎಂದು ಕೇಳಿದವರು ಎಷ್ಟು ಮಂದಿ?

ಆನ್‌ಲೈನ್ ಆಟ ಧಾರ್ಮಿಕವಾಗಿ ಎಷ್ಟರ ಮಟ್ಟಿಗೆ ಸಮ್ಮತ ಎಂಬ ಚರ್ಚೆಯನ್ನು ಸದ್ಯಕ್ಕೆ ವಿದ್ವಾಂಸರಿಗೆ ಬಿಡೋಣ. ಹುಡುಗರು ಆಡುತ್ತಿದ್ದಾರೆ, ಇದು ವಾಸ್ತವ. ಪಬ್‌ಜಿಯನ್ನು ಸರಕಾರ 2020ರ ಸೆಪ್ಟೆಂಬರ್ 2ರಂದು ನಿಷೇಧಿಸಿತು. ಅದೇ ಆಟ 2021ರ ಜುಲೈಯಲ್ಲಿ ಬಿಜಿಎಂಐ ಎಂಬ ಹೊಸ ಹೆಸರಿನಲ್ಲಿ ಬಂತು, 2022ರ ಜುಲೈಯಲ್ಲಿ ಮತ್ತೆ ಮಾಯವಾಯಿತು, 2023ರ ಮೇ ತಿಂಗಳಲ್ಲಿ ಪುನಃ ಬಂತು. ಫ್ರೀ ಫೈರ್ ಎಂಬ ಆಟ 2022ರ ಫೆಬ್ರವರಿಯಲ್ಲಿ ನಿಷೇಧಗೊಂಡಾಗ ಹುಡುಗರು ಅದರ ಅವಳಿಯಾದ ಫ್ರೀ ಫೈರ್ ಮ್ಯಾಕ್ಸ್‌ಗೆ ದಾಟಿಕೊಂಡರು. ಒಂದು ಬಾಗಿಲು ಮುಚ್ಚಿದರೆ ಪಕ್ಕದ ಬಾಗಿಲು ತೆರೆದೇ ಇತ್ತು.

ನಮ್ಮ ಮಲ್ಲಟದ ಕಡೆ ಹೆಚ್ಚಾಗಿ ಆಡುವುದು ಈ ಫ್ರೀ ಫೈರನ್ನೇ. ಕಾರಣ ಸರಳ. ಅದು ಕಡಿಮೆ ಬೆಲೆಯ ಫೋನಿನಲ್ಲೂ ನಡೆಯುತ್ತದೆ, ಒಂದು ಆಟ ಹತ್ತು ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ. ಐವತ್ತು ಮಂದಿ ಒಂದು ದ್ವೀಪದಲ್ಲಿ ಇಳಿಯುತ್ತಾರೆ, ಕೊನೆಗೆ ಉಳಿದವರು ಗೆದ್ದಂತೆ. ಒಬ್ಬಂಟಿಯಾಗಿ ಆಡಬಹುದು, ನಾಲ್ವರ ತಂಡವಾಗಿಯೂ ಆಡಬಹುದು. ತಂಡಕ್ಕೆ ಪರಿಚಯದವರಿಲ್ಲದಿದ್ದರೆ ಆಟವೇ ಯಾರೋ ಮೂವರನ್ನು ತಂದು ಜೋಡಿಸುತ್ತದೆ. ಆ ಮೂವರು ಪಾಟ್ನಾದವರಿರಬಹುದು, ಜೈಪುರದವರಿರಬಹುದು, ಆಟ ಮುಗಿದ ಮೇಲೆ ಅವರು ಯಾರೋ ನಾವು ಯಾರೋ. ಇದಕ್ಕೆ ಬದಲಾಗಿ ಹತ್ತಾರು ಆಟಗಾರರು ಒಂದು ಹೆಸರಿನಡಿ ಕಾಯಂ ಆಗಿ ಸೇರಿಕೊಂಡರೆ ಅದೇ ಗಿಲ್ಡ್. ಕೆಲವು ಆಟಗಳಲ್ಲಿ ಇದಕ್ಕೆ ಕ್ಲಾನ್ ಎನ್ನುತ್ತಾರೆ. ಗಿಲ್ಡ್‌ಗೊಬ್ಬ ನಾಯಕನಿರುತ್ತಾನೆ. ಯಾರನ್ನು ಸೇರಿಸಬೇಕು, ಯಾರನ್ನು ಹೊರಹಾಕಬೇಕು ಎಂಬುದು ಅವನ ಕೈಯಲ್ಲಿ.

ಗಿಲ್ಡ್ ಎಂಬ ಪದವನ್ನು ನಾನು ಮೊದಲು ಕಂಡದ್ದು ಬಿ.ಎ. ಇತಿಹಾಸದ ಪಠ್ಯದಲ್ಲಿ. ವೃತ್ತಿ ಸಂಘ, ವರ್ತಕರ ಸಂಘ ಎಂದು ಅದರರ್ಥ. ನಮ್ಮ ನೆಲಕ್ಕೂ ಅದು ಹೊಸದಲ್ಲ. ಈಗಿನ ಬಾಗಲಕೋಟೆ ಜಿಲ್ಲೆಯ ಐಹೊಳೆಯ ಹೆಸರಿನಲ್ಲಿ ಅಯ್ಯಾವೊಳೆ ಐನೂರ್ವರು ಎಂಬ ವರ್ತಕರ ಸಂಘವಿತ್ತು. ಅವರ ಶಾಸನಗಳು ದಕ್ಷಿಣ ಭಾರತದುದ್ದಕ್ಕೂ ಸಿಕ್ಕಿವೆ. ದೂರದ ಸುಮಾತ್ರಾ ದ್ವೀಪದಲ್ಲೂ 1088ರ ಒಂದು ಶಾಸನವಿದೆ. ಪರದೇಶದಲ್ಲಿ ಒಂಟಿ ವರ್ತಕನನ್ನು ದೋಚುವುದು ಸುಲಭ, ಸಂಘದ ವರ್ತಕನನ್ನು ಮುಟ್ಟುವುದು ಕಷ್ಟ. ಇಬ್ನು ಬತೂತ 1330ರ ದಶಕದಲ್ಲಿ ಈಗಿನ ತುರ್ಕಿಯಲ್ಲಿ ಸಂಚರಿಸುವಾಗ ‘ಅಖಿ’ಗಳ ಕೂಟವನ್ನು ಕಂಡು ಬೆರಗಾದರು. ಅಂತಾಲಿಯಾ ಪಟ್ಟಣದಲ್ಲಿ ಹಳೆಯ ಬಟ್ಟೆ ತೊಟ್ಟ ಒಬ್ಬ ಮೋಚಿ ಅವರನ್ನು ಊಟಕ್ಕೆ ಕರೆದ. ಪಾಪದವನು, ಅವನಿಗೇಕೆ ತೊಂದರೆ ಎಂದು ಇವರು ಹಿಂಜರಿದರು. ವಿಚಾರಿಸಿದರೆ ಅವನು ಬೇರೆ ಬೇರೆ ಕಸುಬಿನ ಸುಮಾರು ಇನ್ನೂರು ಯುವಕರ ನಾಯಕ! ಹಗಲು ದುಡಿದದ್ದನ್ನು ಅವರು ಸಂಜೆ ಒಂದೆಡೆ ತಂದು ಸೇರಿಸಿ ಪ್ರಯಾಣಿಕರಿಗೆ ಉಣಬಡಿಸುತ್ತಿದ್ದರು.

ಮೊಬೈಲ್ ಆಟದ ವಿಷಯಕ್ಕೆ ಇಬ್ನು ಬತೂತರನ್ನೇಕೆ ಎಳೆದು ತಂದಿರಿ ಎನ್ನಬೇಡಿ. ಹುಡುಗರು ಗಿಲ್ಡ್‌ನಲ್ಲಿ ಹುಡುಕುತ್ತಿರುವುದೂ ಬಹುಮಟ್ಟಿಗೆ ಇದನ್ನೇ. ಹತ್ತನೆಯ ತರಗತಿಯ ಒಬ್ಬ ಹುಡುಗನನ್ನು “ಗಿಲ್ಡ್ ಸೇರಿದರೆ ಆಟದಲ್ಲಿ ಏನು ಹೆಚ್ಚುತ್ತದೆ?” ಎಂದು ಕೇಳಿದೆ. ಹೊಸ ಬಂದೂಕು, ಬಹುಮಾನ ಎಂದೇನಾದರೂ ಹೇಳಿಯಾನು ಅಂದುಕೊಂಡಿದ್ದೆ. ಅವನೆಂದ: “ಗೊತ್ತಿಲ್ದೋರ ಜೊತಿ ಆಡಿದ್ರ, ಬಿದ್ದಾಗ ಯಾರೂ ಎತ್ತಂಗಿಲ್ರಿ ಸರ್. ಗಿಲ್ಡ್‌ನವ್ರಾದ್ರ ಎತ್ತತಾರ.”

ಇದು ಬರೀ ಭಾವನೆಯ ಮಾತಲ್ಲ, ಆಟದ ಒಳಗಿನ ಒಂದು ನಿಯಮ. ತಂಡದ ಆಟದಲ್ಲಿ ಗುಂಡು ತಗುಲಿದವನು ಕೂಡಲೇ ಸಾಯುವುದಿಲ್ಲ, ನೆಲಕ್ಕೆ ಬಿದ್ದು ತೆವಳುತ್ತಾನೆ. ಸಂಗಾತಿಯೊಬ್ಬ ಬಂದು ಕೆಲವು ಕ್ಷಣ ಪಕ್ಕದಲ್ಲಿ ಕುಳಿತರೆ ಎದ್ದು ನಿಲ್ಲುತ್ತಾನೆ. ಆದರೆ ಹಾಗೆ ಕುಳಿತವನು ಆ ಕ್ಷಣಗಳಲ್ಲಿ ಶತ್ರುವಿಗೆ ಸುಲಭದ ಗುರಿ. ಅಪರಿಚಿತನೊಬ್ಬ ನಿಮಗಾಗಿ ಈ ಅಪಾಯವನ್ನೇಕೆ ಎಳೆದುಕೊಳ್ಳಬೇಕು? ನಾಳೆಯೂ ನಾಡಿದ್ದೂ ನಿಮ್ಮೊಡನೆ ಆಡಲಿರುವವನು ಎಳೆದುಕೊಳ್ಳುತ್ತಾನೆ. ಆದ್ದರಿಂದ ತಲೆಬರಹದ ಪ್ರಶ್ನೆಗೆ ನನ್ನ ಉತ್ತರ: ಹೌದು, ಹೆಚ್ಚುತ್ತದೆ, ನಿಜವಾಗಿಯೂ ಹೆಚ್ಚುತ್ತದೆ. ಹೆತ್ತವರು ಇದನ್ನು ಮೊದಲು ಒಪ್ಪಿಕೊಳ್ಳಬೇಕು. “ಅದರಲ್ಲೇನಿದೆ ಮಣ್ಣು” ಎಂದರೆ ಮಗನ ಜೊತೆಗಿನ ಮಾತು ಅಲ್ಲಿಗೇ ನಿಂತಿತು.

ಗಿಲ್ಡ್‌ಗಳ ಬಗ್ಗೆ ಗಂಭೀರ ಅಧ್ಯಯನಗಳೂ ನಡೆದಿವೆ. 2004ರಲ್ಲಿ ಅಮೆರಿಕದ ಬ್ಲಿಝರ್ಡ್ ಕಂಪೆನಿ ಹೊರತಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟದಲ್ಲಿ ಕೆಲವು ಹೋರಾಟಗಳಿಗೆ ನಲ್ವತ್ತು ಮಂದಿ ಏಕಕಾಲಕ್ಕೆ ಸೇರಬೇಕಾಗುತ್ತಿತ್ತು. ಗಿಲ್ಡ್ ಇಲ್ಲದೆ ಅದು ಆಗದ ಮಾತು. 2006ರಲ್ಲಿ ಡಿಮಿಟ್ರಿ ವಿಲಿಯಮ್ಸ್ ಮತ್ತು ಸಂಗಡಿಗರು ಈ ಆಟಗಾರರನ್ನು ಸಂದರ್ಶಿಸಿ ಪ್ರಕಟಿಸಿದ ಪ್ರಬಂಧದ ಹೆಸರೇ ಸ್ವಾರಸ್ಯಕರ. ಗಿಲ್ಡ್‌ಗಳ ಬದುಕನ್ನು ಅದು ‘ಮರದ ಮೇಲಿನ ಆಟದ ಮನೆಯಿಂದ ಸೈನಿಕರ ಬ್ಯಾರಕ್ಕಿನವರೆಗೆ’ ಎಂದು ಕರೆಯುತ್ತದೆ. ಕೆಲವು ಗಿಲ್ಡ್‌ಗಳು ಗೆಳೆಯರ ಹರಟೆಕಟ್ಟೆ. ಕೆಲವು ಹಾಜರಿ, ಶಿಸ್ತು, ಶಿಕ್ಷೆ ಎಲ್ಲ ಇರುವ ಪಡೆ. ಇನ್ನೊಂದು ಮಾತನ್ನೂ ಅವರು ಹೇಳಿದ್ದಾರೆ: ಆಟದ ರಚನೆಯೇ ಜನರ ನಡುವಿನ ಸಂಬಂಧವನ್ನು ಬಹುಪಾಲು ರೂಪಿಸುತ್ತದೆ. ಅಂದರೆ, ಹೆಚ್ಚು ಆಡಿದವರಿಗೆ ಹೆಚ್ಚು ಅಂಕ ಎಂದು ಕಂಪೆನಿ ನಿಯಮ ಬರೆದರೆ ಹರಟೆಕಟ್ಟೆಯೂ ಮೆಲ್ಲನೆ ಬ್ಯಾರಕ್ಕಾಗುತ್ತದೆ.

ಸಮಸ್ಯೆ ಇರುವುದು ಇಲ್ಲೇ. ಒಬ್ಬಂಟಿ ಆಡುವ ಹುಡುಗ ಬೇಸರವಾದರೆ ಫೋನು ಬದಿಗಿಡುತ್ತಾನೆ. ಗಿಲ್ಡ್‌ನ ಹುಡುಗನಿಗೆ ಹಾಗೆ ಆಗುವುದಿಲ್ಲ. ಅವನು ಆಡಿದ ಅಂಕ ಗಿಲ್ಡ್‌ನ ಖಾತೆಗೂ ಸೇರುತ್ತದೆ. ಅವನು ಬಾರದಿದ್ದರೆ ಇತರ ಮೂವರ ಆಟ ಕೆಡುತ್ತದೆ. ನಾಲ್ಕು ದಿನ ಕಾಣದಿದ್ದರೆ ನಾಯಕ ಹೆಸರು ತೆಗೆದುಹಾಕಬಹುದು. ಆಗ ರಾತ್ರಿ ಹನ್ನೊಂದಕ್ಕೆ ಅವನನ್ನು ಎಚ್ಚರವಿರಿಸುವುದು ಆಟದ ಚಟವೊಂದೇ ಅಲ್ಲ, ಕೊಟ್ಟ ಮಾತು. ಮಾತಿಗೆ ತಪ್ಪಬಾರದು ಎಂದು ಅವನಿಗೆ ಕಲಿಸಿದವರು ನಾವೇ ತಾನೆ? ಫಜ್ರ್‌ಗೆ ಏಳದ ಮಗನನ್ನು ಸೋಮಾರಿ ಎಂದು ಬೈಯುವ ಮುನ್ನ ಅವನು ಯಾರಿಗೆ ಏನೆಂದು ಮಾತು ಕೊಟ್ಟಿದ್ದಾನೆಂದು ತಿಳಿದುಕೊಳ್ಳಿ.

ನಾಯಕರ ವಿಷಯದಲ್ಲಿ ನನಗೆ ಒಂದು ಹದೀಸ್ ನೆನಪಾಗುತ್ತದೆ. ಮುಆದ್ ಬಿನ್ ಜಬಲ್(ರ) ಅವರು ಇಶಾ ನಮಾಝ್‌ಗೆ ನಿಂತು ದೀರ್ಘ ಅಧ್ಯಾಯವನ್ನು ಪಠಿಸತೊಡಗಿದಾಗ, ಹಗಲೆಲ್ಲ ಒಂಟೆಗಳೊಂದಿಗೆ ದುಡಿದು ದಣಿದಿದ್ದ ಒಬ್ಬ ವ್ಯಕ್ತಿ ಜಮಾಅತ್‌ನಿಂದ ಹಿಂದೆ ಸರಿದು ತಾನೊಬ್ಬನೇ ನಮಾಝ್ ಮುಗಿಸಿ ಹೋದರು. ಮುಆದ್(ರ) ಅವರನ್ನು ಟೀಕಿಸಿದರು. ದೂರು ಪ್ರವಾದಿವರ್ಯರ(ಸ) ಬಳಿಗೆ ಬಂದಾಗ ಅವರು ಗದರಿಸಿದ್ದು ಬಿಟ್ಟು ಹೋದವರನ್ನಲ್ಲ, ನಾಯಕತ್ವ ವಹಿಸಿದ್ದ ಮುಆದ್‌ರನ್ನು(ರ). ಹಿಂದೆ ನಿಂತವರಲ್ಲಿ ವೃದ್ಧರೂ ದುರ್ಬಲರೂ ಕೆಲಸವಿದ್ದವರೂ ಇರುತ್ತಾರೆ ಎಂಬುದೇ ಅದಕ್ಕೆ ಕಾರಣ. ನಮಾಝ್‌ನಂತಹ ಶ್ರೇಷ್ಠ ಕರ್ಮದಲ್ಲೇ ಮುಂದಾಳು ಹಿಂದಿನವರ ದಣಿವನ್ನು ಲೆಕ್ಕಿಸಬೇಕಾದರೆ ಮೊಬೈಲ್ ಆಟದ ನಾಯಕನ ಪಾಡೇನು! ನಿಮ್ಮ ಮಗನ ಗಿಲ್ಡ್ ಒಳ್ಳೆಯದೋ ಕೆಟ್ಟದ್ದೋ ಎಂದು ಅಳೆಯಲು ನನಗೆ ತಿಳಿದ ಅಳತೆಗೋಲು ಇದೊಂದೇ: “ನಾಳೆ ನಾನು ಬರುವುದಿಲ್ಲ” ಎಂದು ಹೇಳಿದರೆ ಅಲ್ಲಿ ಏನಾಗುತ್ತದೆ ಎಂದು ಅವನನ್ನೇ ಕೇಳಿ ನೋಡಿ.

ಗಿಲ್ಡ್‌ನಲ್ಲಿ ಸಿಗುವವರೆಲ್ಲ ಕೆಟ್ಟವರು ಎಂಬ ತೀರ್ಮಾನಕ್ಕೂ ಬರಬೇಡಿ. ನಾರ್ವೆಯಲ್ಲಿ ಮ್ಯಾಟ್ಸ್ ಸ್ಟೀನ್ ಎಂಬ ಯುವಕನಿದ್ದ. ಸ್ನಾಯುಗಳು ಕ್ಷೀಣಿಸುವ ಹುಟ್ಟು ಕಾಯಿಲೆಯಿಂದ ಗಾಲಿಕುರ್ಚಿಗೆ ಅಂಟಿಕೊಂಡಿದ್ದ ಅವನು 2014ರಲ್ಲಿ ತನ್ನ 25ನೇ ವಯಸ್ಸಿನಲ್ಲಿ ತೀರಿಕೊಂಡ. ಮಗ ಗೆಳೆಯರಿಲ್ಲದೆ, ಆಟವಾಡುತ್ತಲೇ ಬದುಕು ಮುಗಿಸಿದ ಎಂದು ತಂದೆತಾಯಿ ಕೊರಗಿದ್ದರು. ಅವನ ಬ್ಲಾಗ್‌ನಲ್ಲಿ ಸಾವಿನ ಸುದ್ದಿ ಹಾಕಿದ ಮೇಲೆ ಯುರೋಪಿನ ನಾನಾ ಕಡೆಯಿಂದ ಪತ್ರಗಳು ಬರತೊಡಗಿದವು. ಎಲ್ಲರೂ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಸ್ಟಾರ್‌ಲೈಟ್ ಎಂಬ ಗಿಲ್ಡ್‌ನವರು. ಮಗನೊಡನೆ ಮಾತೇ ಸಾಧ್ಯವಾಗದಿದ್ದ ಒಬ್ಬ ತಾಯಿಗೆ ಮಗನ ಹತ್ತಿರ ಹೋಗುವ ದಾರಿ ತೋರಿಸಿದವನು ಇವನೇ. ಕೆಲವರು ಅಂತ್ಯಸಂಸ್ಕಾರಕ್ಕೂ ಬಂದರು. 2024ರಲ್ಲಿ ಈ ಕುರಿತ ಸಾಕ್ಷ್ಯಚಿತ್ರ ಜಗತ್ತಿನಾದ್ಯಂತ ಪ್ರದರ್ಶನವಾಯಿತು. ನನ್ನನ್ನು ಹೆಚ್ಚು ಕಾಡಿದ್ದು ಮಗನಿಗಿಂತ ಆ ತಂದೆತಾಯಿಯ ಸ್ಥಿತಿ. ಒಂದೇ ಸೂರಿನಡಿ ಇದ್ದೂ ಮಗನ ಗೆಳೆಯರ ಹೆಸರು ಅವರಿಗೆ ತಿಳಿದದ್ದು ಮಗ ಹೋದ ಮೇಲೆ.

ಇದರ ಇನ್ನೊಂದು ಮುಖವೂ ಇದೆ. ಗಿಲ್ಡ್‌ನ ಮಾತುಕತೆ ಆಟದಿಂದ ಹೊರಬಂದು ವಾಟ್ಸ್‌ಆಪ್, ಟೆಲಿಗ್ರಾಮ್ ಗುಂಪಿಗೆ ದಾಟಿದರೆ ಎಚ್ಚರವಿರಲಿ. “ನಿನ್ನ ಐಡಿ, ಪಾಸ್‌ವರ್ಡ್ ಕೊಡು, ಡೈಮಂಡ್ ಹಾಕಿಸಿಕೊಡುತ್ತೇನೆ” ಎನ್ನುವ ಅಣ್ಣಂದಿರು ಅಲ್ಲಿ ಸಿಗುತ್ತಾರೆ. ತಲಾ ಇಪ್ಪತ್ತೋ ಐವತ್ತೋ ರೂಪಾಯಿ ಹಾಕಿ, ಗೆದ್ದವನಿಗೆ ಎಲ್ಲ ಹಣ ಎನ್ನುವ ಪಂದ್ಯಗಳೂ ಇವೆ. ಮೊತ್ತ ಸಣ್ಣದು ಎಂದು ನಕ್ಕು ಬಿಡುವ ಹಾಗಿಲ್ಲ, ಅದು ಜೂಜು. ಕುರ್‌ಆನ್ ಮೈಸಿರನ್ನು ಮದ್ಯದ ಜೊತೆಯಲ್ಲೇ ಹೆಸರಿಸಿ ನಿಷೇಧಿಸಿದೆ. ದೇಶದ ಸಂಸತ್ತು ಕೂಡ 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಇನ್ನು ಬೈಗುಳ. ಧ್ವನಿಯಲ್ಲಿ ನಡೆಯುವ ಮಾತುಕತೆಯನ್ನು ಒಮ್ಮೆ ಕಿವಿಗೊಟ್ಟು ಕೇಳಿ, ಮನೆಯಲ್ಲಿ ಆಡಲಾಗದ ಮಾತುಗಳು ಅಲ್ಲಿ ಉಪ್ಪಿನಕಾಯಿಯಂತೆ. ಹೆಣ್ಣು ಮಕ್ಕಳು ಆಡುವಾಗ ಗಂಡಸರ ಹೆಸರಿಟ್ಟುಕೊಳ್ಳುವುದು ಇದಕ್ಕೇ.

ಆಟ ಊಟ, ನಿದ್ದೆ, ಓದು ಎಲ್ಲವನ್ನೂ ನುಂಗತೊಡಗಿದರೆ ಅದು ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ಪಟ್ಟಿಯಲ್ಲಿ ಇದಕ್ಕೂ ಸ್ಥಾನವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲೇ ಇದಕ್ಕಾಗಿ ಶಟ್ ಕ್ಲಿನಿಕ್ ಎಂಬ ವಿಭಾಗ ಆರಂಭವಾಯಿತು. ಅಲ್ಲಿಗೆ ಕರೆದೊಯ್ಯಲು ನಾಚಿಕೆಪಡಬೇಕಾಗಿಲ್ಲ.

ಈಗ ಮಲ್ಲಟದ ಗಿಲ್ಡ್‌ನ ವಿಷಯ ಹೇಳುತ್ತೇನೆ. ರಾಯಚೂರು ಜಿಲ್ಲೆಯವರಿಗೆ ಗುಳೆ ಎಂದರೇನೆಂದು ವಿವರಿಸಬೇಕಾಗಿಲ್ಲ. ಮಾನ್ವಿ, ದೇವದುರ್ಗದ ಕಡೆಯಿಂದ ಸುಗ್ಗಿ ಮುಗಿದ ಮೇಲೆ ಸಂಸಾರ ಸಮೇತ ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಹೈದರಾಬಾದಿಗೆ, ಪುಣೆಗೆ ಹೊರಡುವುದು ತಲೆಮಾರಿನಿಂದ ನಡೆದು ಬಂದಿದೆ. ಮಕ್ಕಳ ಶಾಲೆ ಮೊದಲು ತಪ್ಪುತ್ತದೆ, ಆಮೇಲೆ ಬಿಟ್ಟೇ ಹೋಗುತ್ತದೆ. ಈ ಗಿಲ್ಡ್‌ನಲ್ಲಿ ಇಪ್ಪತ್ತಕ್ಕೂ ಹೆಚ್ಚು ಹುಡುಗರಿದ್ದಾರೆ. ಹಿಂದೂಗಳೂ ಮುಸ್ಲಿಮರೂ ಇದ್ದಾರೆ. ಅವರಲ್ಲಿ ಅರ್ಧಕ್ಕರ್ಧ ಮಂದಿ ಊರಿನಲ್ಲಿಲ್ಲ. ಒಬ್ಬ ಬೆಂಗಳೂರಿನಲ್ಲಿ ತಗಡಿನ ಶೆಡ್‌ನಲ್ಲಿ ತಂದೆತಾಯಿಯ ಜೊತೆ ಇದ್ದಾನೆ, ಒಂಬತ್ತನೆಯ ತರಗತಿಗೇ ಓದು ನಿಂತಿದೆ. ಹಗಲು ಇಟ್ಟಿಗೆ, ಮರಳು. ರಾತ್ರಿ ಒಂಬತ್ತಕ್ಕೆ ಫೋನು ತೆರೆದರೆ ಊರಿನ ಹುಡುಗರ ದನಿ, ಊರಿನ ಮಾತು. ಮಳೆ ಬಂತೇ, ಕಾಲುವೆಗೆ ನೀರು ಬಿಟ್ಟರೇ, ಯಾರ ಮದುವೆ, ಯಾರ ಮಯ್ಯತ್ ಎಲ್ಲ ಅಲ್ಲೇ ತಿಳಿಯುತ್ತದೆ. ಅವನ ಮಟ್ಟಿಗೆ ಗುಂಡಿನ ಸದ್ದು ಒಂದು ನೆಪ ಅಷ್ಟೇ. ಆ ಹುಡುಗನ ಕೈಯಿಂದ ಫೋನು ಕಿತ್ತುಕೊಳ್ಳಿ ಎಂದು ಹೇಳಲು ನನ್ನ ನಾಲಿಗೆ ಏಳುವುದಿಲ್ಲ.

ಗಿಲ್ಡ್‌ನ ನಾಯಕ ಹತ್ತನೆಯ ತರಗತಿಯ ಹುಡುಗ, ಮೇಲೆ ಹೇಳಿದವನೇ. ಪರೀಕ್ಷೆಗೆ ಒಂದು ತಿಂಗಳಿದೆ ಎನ್ನುವಾಗ, ಹುಡುಗರ ಆಟ ಹೇಗೆ ನಿಲ್ಲಿಸುತ್ತೀಯಪ್ಪ ಎಂದು ಕೇಳಿದೆ. ಗಿಲ್ಡ್‌ನ ಸೂಚನಾ ಫಲಕದಲ್ಲಿ ಅವನೇ ಬರೆದ: “ಪರೀಕ್ಷಿ ಮುಗಿಯೋ ತನಕ ಹತ್ತನೇತ್ತೇರು ಬರಬ್ಯಾಡ್ರಿ. ಬರದಿದ್ರ ಹೆಸ್ರು ತೆಗಿಯಂಗಿಲ್ಲ.” ಮೂವರು ಸಿಟ್ಟಾಗಿ ಬೇರೆ ಗಿಲ್ಡ್‌ಗೆ ಹೋದರು. ಗಿಲ್ಡ್‌ನ ಅಂಕ ಕುಸಿಯಿತು, ಅದರ ಬೇಸರವೂ ಅವನಿಗಿತ್ತು. ಉಳಿದವರು ಮಾತು ಕೇಳಿದರು. ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದರೂ ಆಗದ ಕೆಲಸ ಅವನ ಎರಡು ಸಾಲಿನಿಂದ ಆಯಿತು.

ಆ ಒಂದು ತಿಂಗಳು ಬೆಂಗಳೂರಿನ ಹುಡುಗನಿಗೆ ಜೊತೆಗಾರರು ಕಡಿಮೆಯಾದರು. ಊರಿನವರು ಪರೀಕ್ಷೆ, ಪರೀಕ್ಷೆ ಎಂದು ಹೇಳುವುದನ್ನು ಕೇಳಿ ಅವನಿಗೂ ಏನೋ ಅನ್ನಿಸಿರಬೇಕು. ಶಾಲೆ ಬಿಟ್ಟವರು ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿಗೆ ಕೂರಬಹುದಂತೆ, ಅದಕ್ಕೆ ಯಾವ ಕಾಗದ ಬೇಕು, ವಯಸ್ಸೆಷ್ಟಾಗಿರಬೇಕು, ಅರ್ಜಿ ಯಾವಾಗ ಎಂದು ನಾಯಕನ ಮೂಲಕ ನನ್ನನ್ನು ಕೇಳಿಸಿದ್ದಾನೆ. ಅವನ ಹಳೆಯ ಶಾಲೆಯ ದಾಖಲೆಗಳನ್ನು ಹುಡುಕಿಸುತ್ತಿದ್ದೇವೆ.