ಹಿತ್ತಲಿನ ಪರಂಗಿ

ಪರಂಗಿ ಎಂದರೆ ಪರದೇಶಿ. ಯುರೋಪಿನಿಂದ ಬಂದವರನ್ನು ಪರಂಗಿಯವರೆಂದು ಕರೆದ ಕನ್ನಡಿಗರು, ಅವರ ಮೂಲಕ ಬಂದ ಹಣ್ಣಿಗೂ ಆ ಹೆಸರನ್ನೇ ಇಟ್ಟರು. ಮಧ್ಯ ಅಮೆರಿಕದ ಈ ಗಿಡ ಭಾರತವನ್ನು ಸೇರಿದುದು 16ನೆಯ ಶತಮಾನದಲ್ಲಿ. ಇಂದು ಅದು ಹೆಸರಿಗೆ ಮಾತ್ರ ಪರಕೀಯ. ಬಚ್ಚಲ ನೀರು ಹರಿಯುವೆಡೆಯಲ್ಲಿ ಯಾರೂ ನೆಡದೆಯೇ ಬೆಳೆದು ನಿಲ್ಲುತ್ತದೆ.

ಮಾಗಿದ ಹಣ್ಣಿನ ತಿರುಳಿನಲ್ಲಿ ನೂರಕ್ಕೆ 88 ಪಾಲು ನೀರೇ. ಆದರೂ 100 ಗ್ರಾಂ ತಿರುಳಿನಲ್ಲಿ ಸುಮಾರು 60 ಮಿಲಿಗ್ರಾಂ ‘ಸಿ’ ಅನ್ನಾಂಗವುಂಟು. ಹೊಂಬಣ್ಣಕ್ಕೆ ಕಾರಣವಾದ ಕ್ಯಾರೊಟಿನ್ ವರ್ಗದ ಕೆಲವು ವಸ್ತುಗಳು ದೇಹದಲ್ಲಿ ‘ಎ’ ಅನ್ನಾಂಗವಾಗಿ ಮಾರ್ಪಡುತ್ತವೆ. ಕೆಂಪು ತಿರುಳಿನ ತಳಿಗಳ ಬಣ್ಣ ಲೈಕೊಪೀನಿನದು; ಟೊಮ್ಯಾಟೊ ಕೆಂಪಾಗುವುದೂ ಅದರಿಂದಲೇ.

ಆದರೆ ಗಿಡದ ನಿಜವಾದ ಸೋಜಿಗವಿರುವುದು ಕಾಯಿಯ ಹಾಲಿನಲ್ಲಿ. ಹಸುರು ಕಾಯಿಗೆ ಗೀರು ಹಾಕಿದೊಡನೆ ಒಸರುವ ಆ ಬಿಳಿಯ ಹಾಲಿನಲ್ಲಿ ಪಪೇನ್ ಎಂಬ ಕಿಣ್ವವಿದೆ. ಸಸಾರಜನಕವನ್ನು ತುಂಡು ತುಂಡಾಗಿ ಕತ್ತರಿಸುವುದೇ ಅದರ ಕೆಲಸ. ಮಾಂಸಕ್ಕೆ ಹಸಿ ಪರಂಗಿಯ ಹೋಳನ್ನು ಬೆರೆಸಿದರೆ ಅದು ಬೇಗ ಮೆತ್ತಗಾಗುವ ಗುಟ್ಟು ಇದು. ಅದೇ ಹಾಲಿನ ಕೈಮೊಪಪೇನ್ ಎಂಬ ಮತ್ತೊಂದು ಕಿಣ್ವವನ್ನು ಬೆನ್ನೆಲುಬಿನ ಜಾರಿದ ಬಿಲ್ಲೆಗೆ ಚುಚ್ಚುಮದ್ದಾಗಿ ಕೊಡಲು 1982ರಲ್ಲಿ ಅಮೆರಿಕವು ಅನುಮತಿಯಿತ್ತಿತು. ಕೆಲವರಲ್ಲಿ ಅದು ಪ್ರಾಣಾಂತಿಕ ಅಲರ್ಜಿಯನ್ನು ಉಂಟುಮಾಡಿತು. 2003ರಲ್ಲಿ ಅದರ ಮಾರಾಟ ನಿಂತಿತು. ಮದ್ದಾಗಬಲ್ಲ ವಸ್ತು ಮುಳುವೂ ಆಗಬಲ್ಲುದು.

ಗರ್ಭಿಣಿಯರಿಗೆ ಪರಂಗಿ ಬೇಡವೆನ್ನುವ ಹಿರಿಯರ ಮಾತಿನಲ್ಲಿ ಹುರುಳಿಲ್ಲದಿಲ್ಲ. 2002ರಲ್ಲಿ ಪ್ರಕಟವಾದ, ಇಲಿಗಳ ಮೇಲಿನ ಪ್ರಯೋಗವೊಂದರಲ್ಲಿ ಕಾಯಿಯ ಹಾಲು ಗರ್ಭಕೋಶವನ್ನು ಸಂಕುಚಿಸಿತು. ಮಾಗಿದ ಹಣ್ಣಿನ ರಸದಲ್ಲಿ ಆ ಗುಣ ಕಾಣಲಿಲ್ಲ. ಹಣ್ಣು ಮಾಗಿದಂತೆ ಹಾಲು ಕಡಿಮೆಯಾಗುತ್ತದೆ. ಭಯಪಡಬೇಕಾದುದು ಕಾಯಿಗೆ, ಅರೆಮಾಗಿದುದಕ್ಕೆ.

ಇನ್ನು ಎಲೆಯ ವಿಚಾರ. ಕಾರ್ಪೇನ್ ಎಂಬ ಕ್ಷಾರಾಭವನ್ನು ಒಳಗೊಂಡ ಈ ಕಹಿ ಎಲೆಗೆ ಡೆಂಗೆಯ ದಿನಗಳಲ್ಲಿ ಎಲ್ಲಿಲ್ಲದ ಬೇಡಿಕೆ. ಎಲೆಯ ರಸದಿಂದ ರಕ್ತದ ಪ್ಲೇಟ್‌ಲೆಟ್‌ಗಳು ಏರಿದುವೆಂದು ಕೆಲವು ಸಣ್ಣ ಪರೀಕ್ಷೆಗಳು ಹೇಳಿರುವುದುಂಟು. ಆದರೆ ಗುಣಮುಖವಾಗುವ ಹಂತದಲ್ಲಿ ಆ ಕಣಗಳು ತಾವಾಗಿಯೇ ಏರುತ್ತವೆ. ಮೇಲಾಗಿ ಡೆಂಗೆಯಲ್ಲಿ ಮುಖ್ಯ ಗಂಡಾಂತರವೆಂದರೆ ರಕ್ತನಾಳಗಳಿಂದ ದ್ರವ ಸೋರಿ ರಕ್ತದೊತ್ತಡ ಕುಸಿಯುವುದು. ಅದು ಸಾಮಾನ್ಯವಾಗಿ ಜ್ವರ ಇಳಿಯುವ ಹೊತ್ತಿನಲ್ಲೇ, ಮನೆಯವರು ನಿಟ್ಟುಸಿರುಬಿಡುವ ಗಳಿಗೆಯಲ್ಲೇ ಎರಗುತ್ತದೆ. ತೀವ್ರ ಹೊಟ್ಟೆನೋವು, ಬಿಡದ ವಾಂತಿ, ಒಸಡಿನ ರಕ್ತ, ಮಂಪರು ಇವು ಕಂಡೊಡನೆ ರೋಗಿಯನ್ನು ಆಸ್ಪತ್ರೆಗೆ ಒಯ್ಯಬೇಕು. ಎಲೆ ಅರೆಯುತ್ತ ಕೂಡುವ ಸಮಯವದಲ್ಲ.

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಹಳೆಯದು. ಹಿತ್ತಲ ಗಿಡವೇ ಸರ್ವರೋಗಕ್ಕೂ ಮದ್ದೆಂಬುದು ಅದಕ್ಕಿಂತ ದೊಡ್ಡ ತಪ್ಪು. ಊಟದ ನಂತರ ಎರಡು ಹೋಳು ಮಾಗಿದ ಪರಂಗಿ: ಆ ಗಿಡ ಮನೆಮಂದಿಗೆ ನಿಸ್ಸಂದೇಹವಾಗಿ ಕೊಡಬಲ್ಲ ವರ ಅದು.