ಮಾಲೇಗಾಂವ್‌ನ ಸೈಕಲ್ ಡಕಾಯಿತರು ಮತ್ತು 17 ಜನರ ಬ್ಯಾಂಡ್

ಇವತ್ತಿನ ಮಾತು ಬಿಗ್ ಬ್ಯಾಂಡ್ ಬಗ್ಗೆ, ಸ್ವಿಂಗ್ ಸಂಗೀತದ ಬಗ್ಗೆ. ಆದ್ರೆ ಶುರು ಮಾಡೋದು ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಮಾಲೇಗಾಂವ್‌ನಿಂದ. ಅಮೆರಿಕದ ಡ್ಯಾನ್ಸ್ ಮ್ಯೂಸಿಕ್ಕಿಗೂ ಮಗ್ಗದ ಊರಿಗೂ ಏನಪ್ಪಾ ಸಂಬಂಧ ಅಂತೀರಾ? ಸ್ವಲ್ಪ ತಾಳಿ.

ಮಾಲೇಗಾಂವ್ ಪವರ್‌ಲೂಮ್ ಊರು. ವಾರವಿಡೀ ಮಗ್ಗಗಳ ಸದ್ದು, ಶುಕ್ರವಾರ ರಜೆ. ರಜೆ ಅಂದ್ರೆ ಸಿನಿಮಾ. ಅಲ್ಲಿ ವಿಡಿಯೊ ಪಾರ್ಲರ್ ನಡೆಸ್ತಿದ್ದ ನಾಸಿರ್ ಶೇಖ್ ಅನ್ನೋರು ಗೆಳೆಯರನ್ನ ಕಟ್ಕೊಂಡು 2000ದಲ್ಲಿ 'ಮಾಲೇಗಾಂವ್ ಕೇ ಶೋಲೆ' ಅಂತ ಒಂದು ಸಿನಿಮಾ ಮಾಡಿದ್ರು. ಕುದುರೆಗೆ ದುಡ್ಡೆಲ್ಲಿ? ಡಕಾಯಿತರು ಸೈಕಲ್ ಏರಿ ಬಂದ್ರು. ಗಬ್ಬರ್ ಸಿಂಗ್ 'ರಬ್ಬರ್ ಸಿಂಗ್' ಆದ, ಬಸಂತಿ 'ಬಾಸ್ಮತಿ' ಆದಳು. ಈ ಊರಿನ ಸಿನಿಮಾ ಹುಚ್ಚಿನ ಮೇಲೆ ಫೈಜಾ ಅಹ್ಮದ್ ಖಾನ್ 'ಸೂಪರ್‌ಮೆನ್ ಆಫ್ ಮಾಲೇಗಾಂವ್' ಅನ್ನೋ ಸಾಕ್ಷ್ಯಚಿತ್ರ ತೆಗೆದ್ರು. ಆಮೇಲೆ ರೀಮಾ ಕಾಗ್ತಿ ಅದೇ ಗೆಳೆಯರ ಕಥೆಯನ್ನ 'ಸೂಪರ್‌ಬಾಯ್ಸ್ ಆಫ್ ಮಾಲೇಗಾಂವ್' ಅಂತ ಮಾಡಿದ್ರು, 2025ರಲ್ಲಿ ಥಿಯೇಟರಿಗೆ ಬಂತು.

ಶೋಲೆ ಕಥೆ ಎಲ್ಲರಿಗೂ ಬಾಯಿಪಾಠ. ಮುಂದೇನಾಗುತ್ತೆ ಅಂತ ನೋಡೋಕೆ ಯಾರೂ ಬರಲ್ಲ. ಗೊತ್ತಿರೋದನ್ನ ಇವರು ತಮ್ಮ ಕೈಲಿರೋ ಸಾಮಾನಿಂದ ಹೇಗೆ ಕಟ್ಟಿದ್ದಾರೆ ಅಂತ ನೋಡೋಕೆ ಬರ್ತಾರೆ. ಸಂಗೀತದಲ್ಲಿ ಈ ಕೆಲಸಕ್ಕೆ ಒಂದು ಹೆಸರಿದೆ, ಅರೇಂಜ್‌ಮೆಂಟ್. ರಾಗ ಅದೇ, ಯಾವ ವಾದ್ಯ ಯಾವಾಗ ನುಡೀಬೇಕು, ಯಾವುದು ಸುಮ್ನಿರಬೇಕು, ಅಡಿಯಲ್ಲಿ ಯಾವ ಸ್ವರಗಳು ಹರೀಬೇಕು ಅಂತ ಕೂತು ಬರೆಯೋ ಕೆಲಸ. ಬರೆಯೋನು ಅರೇಂಜರ್. ಬಿಗ್ ಬ್ಯಾಂಡ್ ಅನ್ನೋದು ಪೂರ್ತಿ ಇವನ ಕಲೆ. ಸ್ಟೇಜ್ ಮೇಲೆ ಮಾತ್ರ ಇವನು ಸಾಮಾನ್ಯವಾಗಿ ಕಾಣಿಸೋದೇ ಇಲ್ಲ.

ಮೊದಲು ಸ್ವಿಂಗ್ ಅಂದ್ರೇನು ನೋಡೋಣ. ವಿಡಿಯೊದಲ್ಲಿ ತೊಡೆ ತಟ್ಟಿ ತೋರಿಸಿದ್ದೆ, ಇಲ್ಲಿ ಬರೆದು ತೋರಿಸ್ತೀನಿ, ನೀವೇ ತಟ್ಟಿ. 'ತಕ ತಕ ತಕ ತಕ' ಅಂತ ಸಮವಾಗಿ ಹೇಳಿ. ಇದು ನೇರ ನಡೆ. ಈಗ 'ತಕಿಟ ತಕಿಟ' ಅಂತ ತಿಸ್ರದಲ್ಲಿ ಹೇಳಿ. ಹೇಳ್ತಾ ಹೇಳ್ತಾ ನಡುವಿನ 'ಕಿ'ಯನ್ನ ನುಂಗಿಬಿಡಿ. 'ತಾ…ಟ ತಾ…ಟ' ಅಂತ ಉಳಿಯುತ್ತೆ ಅಲ್ವಾ? ಒಂದು ಉದ್ದ, ಒಂದು ಗಿಡ್ಡ. ಕುಂಟುಬಿಲ್ಲೆ ಆಡೋ ಮಗು ಹೆಜ್ಜೆ ಹಾಕಿದ ಹಾಗೆ. ಇದೇ ಸ್ವಿಂಗಿನ ಬೀಜ. ತಮಾಷೆ ಏನಂದ್ರೆ, ವಾದಕರ ಮುಂದಿರೋ ಹಾಳೆಯಲ್ಲಿ ಸ್ವರಗಳು ಸಾಮಾನ್ಯವಾಗಿ ಸಮವಾಗೇ ಬರೆದಿರ್ತವೆ. ಮೇಲೆ 'ಸ್ವಿಂಗ್' ಅಂತ ಒಂದು ಪದ, ಅಷ್ಟೆ. ಉದ್ದ ಎಷ್ಟು, ಗಿಡ್ಡ ಎಷ್ಟು ಅನ್ನೋದು ಕಿವಿಗೆ ಬಿಟ್ಟಿದ್ದು. ಲಯ ನಿಧಾನ ಇದ್ದಾಗ ಆ ಕುಂಟು ಚೆನ್ನಾಗಿ ಕೇಳುತ್ತೆ. ತುಂಬಾ ಜೋರಾದ್ರೆ ಮತ್ತೆ ಸಮವಾಗ್ತಾ ಹೋಗುತ್ತೆ. ನಮ್ಮ ಗಮಕವೂ ಹೀಗೇ ಅಲ್ವಾ, ಬರೆದದ್ದೇ ಬೇರೆ, ಹಾಡೋದೇ ಬೇರೆ.

ಇನ್ನು ಬ್ಯಾಂಡ್. ಸಾಮಾನ್ಯ ಲೆಕ್ಕ 17 ಜನ. 5 ಸ್ಯಾಕ್ಸೊಫೋನ್, 4 ಟ್ರಂಪೆಟ್, 4 ಟ್ರೊಂಬೋನ್, ಜೊತೆಗೆ ಪಿಯಾನೊ, ಗಿಟಾರ್, ಬೇಸ್, ಡ್ರಮ್ಸ್. ಇಷ್ಟೂ ಜನ ಒಟ್ಟಿಗೆ ಊದಿದ್ರೆ ಅದು ಗಲಾಟೆ. ಅದಕ್ಕೇ ಗುಂಪುಗಳನ್ನ ಬೇರೆ ಮಾಡಿ, ಸ್ಯಾಕ್ಸ್‌ನವರು ಒಂದು ಮಾತು ಹೇಳ್ತಾರೆ, ಟ್ರಂಪೆಟ್‌ನವರು ಉತ್ತರ ಕೊಡ್ತಾರೆ. ಭಜನೆಯಲ್ಲಿ ಒಬ್ಬರು ಹೇಳಿಕೊಟ್ಟು ಉಳಿದವರು ತಿರುಗಿ ಹೇಳೋ ಹಾಗೆ. ಮಧ್ಯೆ ಒಬ್ಬ ಎದ್ದು ನಿಂತು ತನಗೆ ತೋಚಿದ್ದು ನುಡಿಸ್ತಾನೆ.

ಈ ಪದ್ಧತಿಯನ್ನ ಗಟ್ಟಿ ಮಾಡಿದವರಲ್ಲಿ ದೊಡ್ಡ ಹೆಸರು ಫ್ಲೆಚರ್ ಹೆಂಡರ್ಸನ್, ಕಪ್ಪು ಅಮೆರಿಕನ್ ಬ್ಯಾಂಡ್ ಲೀಡರ್. ಅವರ ಸ್ವಂತ ಬ್ಯಾಂಡ್ ದುಡ್ಡಿನ ಕಷ್ಟಕ್ಕೆ ಸಿಕ್ಕಿತ್ತು. ಬೆನ್ನಿ ಗುಡ್‌ಮನ್ ಅನ್ನೋ ಬಿಳಿಯ ಕ್ಲಾರಿನೆಟ್ ವಾದಕ ರೇಡಿಯೊ ಕಾರ್ಯಕ್ರಮಕ್ಕಾಗಿ ಹೆಂಡರ್ಸನ್ ಬರೆದ ಅರೇಂಜ್‌ಮೆಂಟುಗಳನ್ನ ಕೊಂಡ್ಕೊಂಡ. 1935ರ ಆಗಸ್ಟ್ 21ಕ್ಕೆ ಲಾಸ್ ಏಂಜಲಿಸ್‌ನ ಪಾಲೊಮಾರ್ ಬಾಲ್‌ರೂಮಿನಲ್ಲಿ ನುಡಿಸಿದಾಗ ಜನ ಹುಚ್ಚೆದ್ದು ಹೋದ್ರು. ಸ್ವಿಂಗ್ ಯುಗ ಅಲ್ಲಿಂದ ಶುರು ಅಂತ ಪುಸ್ತಕಗಳು ಬರೀತಾವೆ. 'ಸ್ವಿಂಗ್ ರಾಜ' ಅನ್ನೋ ಬಿರುದು ಗುಡ್‌ಮನ್‌ಗೆ. ಹಾಳೆ ಬರೆದ ಹೆಂಡರ್ಸನ್ ಹೆಸರು ತಿಳಿದವರು ಎಷ್ಟು ಜನ? ಗುಡ್‌ಮನ್ ಕೆಟ್ಟವನಲ್ಲ, ಹೆಂಡರ್ಸನ್ ಹೆಸರನ್ನ ಅವನು ಮುಚ್ಚಿಡಲಿಲ್ಲ. ಆದ್ರೂ ಚಪ್ಪಾಳೆ ಹೋಗೋದು ಎದುರಿಗೆ ಕಂಡವನಿಗೇ.

ಹತ್ತು–ಹನ್ನೆರಡು ವರ್ಷದಲ್ಲಿ ಆ ಯುಗ ಮುಗೀತು. ಯುದ್ಧ ಬಂತು, 1942ರಲ್ಲಿ ಅಮೆರಿಕದ ವಾದಕರ ಸಂಘ ರೆಕಾರ್ಡಿಂಗ್ ನಿಲ್ಲಿಸಿತು, 1944ರಲ್ಲಿ ಕುಣಿತ ಇರೋ ಜಾಗಗಳ ಮೇಲೆ ಶೇ. 30ರ ತೆರಿಗೆ ಬಿತ್ತು. 17 ಜನರಿಗೆ ಸಂಬಳ, ಊಟ, ಬಸ್ಸು, ರೂಮು ಯಾರು ಕೊಡ್ತಾರೆ? ಗಾಯಕ ಮುಂದೆ ಬಂದ, ಬ್ಯಾಂಡ್ ಹಿಂದೆ ಸರೀತು.

ಈಗ 1990ರ ದಶಕಕ್ಕೆ ಬರೋಣ. ಬ್ರಯಾನ್ ಸೆಟ್ಜರ್ ಅಂತ ಒಬ್ಬ ಗಿಟಾರಿಸ್ಟ್, ಸ್ಟ್ರೇ ಕ್ಯಾಟ್ಸ್ ಅನ್ನೋ ರಾಕಬಿಲ್ಲಿ ಗುಂಪಿನವರು. ಇವರು ಒಂದು ಪೂರ್ತಿ ಬಿಗ್ ಬ್ಯಾಂಡ್ ಕಟ್ಟಿ, ಅದರ ಮುಂದೆ ಎಲೆಕ್ಟ್ರಿಕ್ ಗಿಟಾರ್ ಹಿಡ್ಕೊಂಡು ನಿಂತ್ರು. ಹಳೇ ಸ್ವಿಂಗ್ ಬ್ಯಾಂಡಿನಲ್ಲಿ ಗಿಟಾರ್ ಅಂದ್ರೆ ಹೆಚ್ಚಾಗಿ ಮೂಲೆಯಲ್ಲಿ ಕೂತು ತಾಳ ಕೊಡೋ ವಾದ್ಯ. ಅದನ್ನ ಮದುಮಗನ ಜಾಗಕ್ಕೆ ತಂದು ನಿಲ್ಲಿಸಿದ್ದೇ ಮೊದಲ ಬದಲಾವಣೆ. 1998ರ 'ದ ಡರ್ಟಿ ಬೂಗಿ' ಆಲ್ಬಮ್ಮಿನಲ್ಲಿ 'ಜಂಪ್ ಜೈವ್ ಆ್ಯಂಡ್ ವೇಲ್' ಹಾಡಿದೆ. ಮೂಲ 1956ರದ್ದು, ಲೂಯಿ ಪ್ರೀಮಾ ಅವರದ್ದು. ಗುಡ್‌ಮನ್ ಬ್ಯಾಂಡಿಗೆ ದೊಡ್ಡ ಹೆಸರು ತಂದ 'ಸಿಂಗ್, ಸಿಂಗ್, ಸಿಂಗ್' ಬರೆದದ್ದೂ ಈ ಪ್ರೀಮಾನೇ.

ಪ್ರೀಮಾ ಈ ಹಾಡನ್ನ ನುಡಿಸಿದ್ದು ಒಂದು ಸಣ್ಣ ಗುಂಪಿನ ಜೊತೆ. ಬಿಗ್ ಬ್ಯಾಂಡ್ ಸಾಕೋ ಕಾಲ ಆಗಲೇ ಮುಗಿದಿತ್ತು. ಸೆಟ್ಜರ್ ಮಾಡಿದ್ದು ಅದರ ಉಲ್ಟಾ. ಕುಗ್ಗಿ ಹೋಗಿದ್ದ ಹಾಡನ್ನ ಮತ್ತೆ ದೊಡ್ಡ ಬ್ಯಾಂಡಿಗೆ ಹಿಗ್ಗಿಸಿದ್ರು. ಪ್ರೀಮಾನ ಒಂದು ಸ್ಯಾಕ್ಸ್ ಮಾಡ್ತಿದ್ದ ತುಂಟಾಟವನ್ನ ಇಲ್ಲಿ ಇಡೀ ಹಿತ್ತಾಳೆ ಸಾಲು ಎದ್ದು ಮಾಡುತ್ತೆ. ಲಯದಲ್ಲಿ ರಾಕ್ ಅಂಡ್ ರೋಲಿನ ಒದೆತ ಇದೆ. ಹಾಡು ಗ್ರ್ಯಾಮಿ ಗೆದ್ದಿತು. ಅದೇ ವರ್ಷ ಗ್ಯಾಪ್ ಅನ್ನೋ ಬಟ್ಟೆ ಕಂಪನಿ ತನ್ನ ಪ್ಯಾಂಟಿನ ಜಾಹೀರಾತಿಗೆ ಪ್ರೀಮಾನ ಮೂಲವನ್ನೇ ಹಾಕಿತ್ತು. ಹೊಸದು ಬಂದ್ರೆ ಹಳೇದು ಸಾಯುತ್ತೆ ಅನ್ನೋರಿಗೆ ನಾನು ಇದನ್ನೇ ತೋರಿಸೋದು. ಎರಡೂ ಒಂದೇ ವರ್ಷ ಬೀದಿಯಲ್ಲಿದ್ವು.

ನನಗೆ ಅದಕ್ಕಿಂತ ಇಷ್ಟವಾದದ್ದು ಅವರ 2007ರ 'ವೂಲ್ಫ್‌ಗ್ಯಾಂಗ್ಸ್ ಬಿಗ್ ನೈಟ್ ಔಟ್'. ಮೊಝಾರ್ಟ್, ಬೀಥೋವನ್ ಕೃತಿಗಳನ್ನ ಸ್ವಿಂಗ್ ಮಾಡಿದ ಆಲ್ಬಮ್. ಅರೇಂಜ್‌ಮೆಂಟ್ ಫ್ರ್ಯಾಂಕ್ ಕಾಮ್‌ಸ್ಟಾಕ್ ಅವರದ್ದು. 1940ರ ದಶಕದಲ್ಲಿ ಲೆಸ್ ಬ್ರೌನ್ ಬ್ಯಾಂಡಿಗೆ ಬರೀತಿದ್ದ ಮನುಷ್ಯ, ಆಗ ವಯಸ್ಸು 80 ದಾಟಿತ್ತು. ಹೊಸತನಕ್ಕೆ ಹುಡುಗರೇ ಬೇಕು ಅಂತಿಲ್ಲ ನೋಡಿ.

ಸರಿ, ಅಮೆರಿಕ ಸಾಕು, ವಾಪಸ್ ಮಾಲೇಗಾಂವ್ ಕಡೆ ಬರೋಣ. ಅಲ್ಲಿಂದ ದಕ್ಷಿಣಕ್ಕೆ ಮನಮಾಡ್, ಅಲ್ಲಿಂದ ದೌಂಡ್ ಕಡೆ ಹೋಗೋ ರೈಲು ಮಾರ್ಗದಲ್ಲಿ, ಗೋದಾವರಿ ದಡದಲ್ಲಿ ಪುಣತಾಂಬೆ ಅನ್ನೋ ಊರು. ಜಿಲ್ಲೆ ಅಹಮದ್‌ನಗರ, ಈಗ ಅಹಿಲ್ಯಾನಗರ. 1918ರಲ್ಲಿ ಅಲ್ಲಿ ಹುಟ್ಟಿದವರು ರಾಮಚಂದ್ರ ನರಹರ ಚಿತಳಕರ್, ಅಂದ್ರೆ ಸಿ. ರಾಮಚಂದ್ರ. 'ಏ ಮೇರೆ ವತನ್ ಕೆ ಲೋಗೋಂ'ಗೆ ಸಂಗೀತ ಕೊಟ್ಟವರು ಅಂದ್ರೆ ತಕ್ಷಣ ಗೊತ್ತಾಗುತ್ತೆ. ಆದ್ರೆ ಹಿಂದಿ ಸಿನಿಮಾದೊಳಗೆ ಸ್ವಿಂಗನ್ನ ಕೈಹಿಡಿದು ಕರ್ಕೊಂಡು ಬಂದವರಲ್ಲಿ ಇವರು ಮುಂಚೂಣಿಯವರು. 1951ರ 'ಅಲ್ಬೇಲಾ', 1957ರ 'ಆಶಾ' ಚಿತ್ರದ 'ಈನಾ ಮೀನಾ ಡೀಕಾ', ಎಲ್ಲ ಇವರದ್ದೇ.

ಗೋದಾವರಿ ದಡದ ಹುಡುಗನಿಗೆ ಸ್ವಿಂಗ್ ಸಿಕ್ಕಿದ್ದೆಲ್ಲಿ? ಬೊಂಬಾಯಿಯಲ್ಲಿ. ಪಾಲೊಮಾರ್‌ನಲ್ಲಿ ಗುಡ್‌ಮನ್ ಗೆದ್ದ ಅದೇ 1935ರ ಕೊನೆಯಲ್ಲಿ ಲಿಯಾನ್ ಆಬ್ಬಿ ಅನ್ನೋ ಕಪ್ಪು ಅಮೆರಿಕನ್ ಪಿಟೀಲುಗಾರ ತನ್ನ ಬ್ಯಾಂಡ್ ತಗೊಂಡು ತಾಜ್ ಮಹಲ್ ಹೋಟೆಲಿಗೆ ಬಂದಿದ್ರು. ಅವರ ಹಿಂದೆ ಕ್ರಿಕೆಟ್ ಸ್ಮಿತ್, ಟೆಡ್ಡಿ ವೆದರ್‌ಫರ್ಡ್ ಬಂದ್ರು. ಇವರನ್ನ ಕೇಳಿ ಕಲಿತವರು ಗೋವಾದ ಹುಡುಗರು. ಪೋರ್ಚುಗೀಸರ ಕಾಲದ ಚರ್ಚ್ ಶಾಲೆಗಳಲ್ಲಿ ಸ್ಟಾಫ್ ನೊಟೇಶನ್ ಓದೋದು, ಬರೆಯೋದು ಇವರಿಗೆ ಬಂದಿತ್ತು. ಅವರಲ್ಲಿ ಒಬ್ಬ ಅಲ್ದೋನಾದ ಆಂಟೋನಿಯೊ ಝೇವಿಯರ್ ವಾಝ್, ಟ್ರಂಪೆಟ್ ವಾದಕ, ಸ್ಟೇಜ್ ಹೆಸರು ಚಿಕ್ ಚಾಕೊಲೇಟ್. ಭಾರತದ ಲೂಯಿ ಆರ್ಮ್‌ಸ್ಟ್ರಾಂಗ್ ಅಂತ ಕರೀತಿದ್ರು. ರಾತ್ರಿ ಹೋಟೆಲಿನಲ್ಲಿ ನುಡಿಸಿ, ಹಗಲು ಸ್ಟುಡಿಯೊಗೆ ಬಂದು ಸಿ. ರಾಮಚಂದ್ರರ ಜೊತೆ ಕೆಲಸ. 'ಅಲ್ಬೇಲಾ'ದಲ್ಲಿ ಅವರೂ ಅವರ ಬ್ಯಾಂಡೂ ತೆರೆಯ ಮೇಲೇ ಇದ್ದಾರೆ. ಮುಂದೆ ಭಗವಾನ್ ಕುಣೀತಾರೆ, ನಾವು ಭಗವಾನ್‌ನ ಮಾತ್ರ ನೋಡ್ತೀವಿ. ಇನ್ನು 'ಈನಾ ಮೀನಾ ಡೀಕಾ'ದೊಳಗೆ ಕೊಂಕಣಿ ಪದಗಳು ನುಸುಳಿವೆ, ಮಂಗಳೂರು ಕಡೆಯವರು ಒಮ್ಮೆ ಕಿವಿಗೊಟ್ಟು ಕೇಳಿ, ಥಟ್ಟಂತ ಸಿಗುತ್ತೆ. ಸ್ಟುಡಿಯೊದ ಒಳಗೆ ಯಾರಿದ್ರು ಅನ್ನೋದಕ್ಕೆ ಅದೊಂದು ಸಹಿ.

1949ರ ಕಾಯ್ದೆಯಿಂದ ಬೊಂಬಾಯಿಯಲ್ಲಿ ಪಾನನಿಷೇಧ ಬಿಗಿಯಾಯ್ತು, ಹೋಟೆಲು ಕ್ಲಬ್ಬುಗಳ ಆದಾಯ ಕುಸೀತು. ಗೋವಾದ ವಾದಕರು ಇನ್ನಷ್ಟು ಜನ ಸಿನಿಮಾಕ್ಕೆ ಬಂದ್ರು. ಸಂಗೀತ ನಿರ್ದೇಶಕರು ಧಾಟಿ ಹಾಡಿ ತೋರಿಸೋರು, ಅದನ್ನ ವಾದ್ಯಗಳಿಗೆ ಹಂಚಿ ಬರೆಯೋರು ಇವರು. ಓ.ಪಿ. ನಯ್ಯರ್‌ಗೆ, ಶಂಕರ್–ಜೈಕಿಶನ್‌ಗೆ ಸೆಬಾಸ್ಟಿಯನ್ ಡಿಸೋಜ ಬರೀತಿದ್ರು. ಆಂಟನಿ ಗೊನ್ಸಾಲ್ವಿಸ್ ಅನ್ನೋ ಹೆಸರು ದೇಶಕ್ಕೆಲ್ಲ ಗೊತ್ತು, 1977ರ 'ಅಮರ್ ಅಕ್ಬರ್ ಆಂಟನಿ'ಯ ಹಾಡಿನಿಂದ. ಆ ಹೆಸರಿನ ನಿಜವಾದ ಮನುಷ್ಯ ಮಜೋರ್ಡಾ ಊರಿನ ಪಿಟೀಲು ಗುರು, ಅರೇಂಜರ್, ಸಂಗೀತ ನಿರ್ದೇಶಕ ಪ್ಯಾರೇಲಾಲ್‌ರ ಮೇಷ್ಟ್ರು. ಶಿಷ್ಯ ಗೌರವಕ್ಕೇ ಆ ಹೆಸರು ಬಳಸಿದ್ದು. ಆದ್ರೆ ಜನರ ಮನಸ್ಸಲ್ಲಿ ಉಳಿದದ್ದು ಈಸ್ಟರ್ ಮೊಟ್ಟೆಯಿಂದ ಹೊರಬಂದ ಅಮಿತಾಭ್.

ಹಾಗಾದ್ರೆ ಈ ಹಳೇ ಬೊಂಬಾಯಿ ಸ್ವಿಂಗನ್ನ ಯಾರಾದ್ರೂ ಹೊಸದಾಗಿ ಮುಟ್ಟಿದ್ದಾರಾ? 2015ರ 'ಬಾಂಬೆ ವೆಲ್ವೆಟ್'. ಸಿನಿಮಾ ಮಕಾಡೆ ಮಲಗ್ತು, ಸಂಗೀತ ಮಲಗಲಿಲ್ಲ. ಅಮಿತ್ ತ್ರಿವೇದಿ ಪೂರ್ತಿ ಹಿತ್ತಾಳೆ ಸಾಲು ಇಟ್ಕೊಂಡು ಹೊಸ ಹಾಡುಗಳನ್ನ ಮಾಡಿದ್ರು. ಅದರಲ್ಲೇ 'ಫಿಫಿ' ಅಂತ ಒಂದಿದೆ. ಮೂಲ 1956ರ 'ಸಿ.ಐ.ಡಿ.' ಚಿತ್ರಕ್ಕೆ ನಯ್ಯರ್ ಮಾಡಿ, ಗೀತಾ ದತ್ ಹಾಡಿದ್ದು. ಸೆನ್ಸಾರ್ ಕತ್ತರಿಗೆ ಸಿಕ್ಕಿ ಸಿನಿಮಾದಿಂದ ಬಿದ್ದುಹೋಗಿ ರೆಕಾರ್ಡಿನಲ್ಲಿ ಮಾತ್ರ ಬದುಕಿತ್ತು. ಮೈಕಿ ಮೆಕ್‌ಕ್ಲಿಯರಿ ಅದನ್ನ ಮತ್ತೆ ಕಟ್ಟಿದ್ರು, ಸುಮನ್ ಶ್ರೀಧರ್ ಹಾಡಿದ್ರು. ನನ್ನ ಮಟ್ಟಿಗೆ ಇದು ಮುಕ್ಕಾಲು ಗೆಲುವು. ಹಾಡಿನ ನಗು ಉಳಿದಿದೆ, ಧ್ವನಿಗೆ ಇವತ್ತಿನ ಧೈರ್ಯ ಇದೆ. ಆದ್ರೆ ಗೀತಾ ದತ್ ಹಾಡು ನಡೀತಾ ಇತ್ತು, ಇದು ಕನ್ನಡಿ ನೋಡ್ಕೊಂಡು ನಿಲ್ಲುತ್ತೆ. ಸ್ವಿಂಗಿನಲ್ಲಿ ನಿಲ್ಲೋ ಹಾಗಿಲ್ಲ.

ನಮ್ಮ ಕಡೆ ಏನೂ ಇಲ್ಲವಾ ಅಂತ ಕೇಳ್ತೀರಿ. ಬಿಗ್ ಬ್ಯಾಂಡ್ ಅಲ್ಲದಿದ್ರೂ ಅದರ ದೊಡ್ಡಪ್ಪನ ಮಗ ಇದ್ದಾನೆ. ಮೈಸೂರು ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡ್, ಕರ್ನಾಟಕ ಬ್ಯಾಂಡ್ ಅಂತ ಎರಡಿದ್ವು, ದಸರಾದಲ್ಲಿ ಪೊಲೀಸ್ ಬ್ಯಾಂಡ್ ಇವತ್ತಿಗೂ ಆ ಪರಂಪರೆ ನಡೆಸುತ್ತೆ. ಆ ಅರಮನೆ ಬ್ಯಾಂಡಿನಲ್ಲೇ ಸ್ಯಾಕ್ಸೊಫೋನ್ ಕೇಳಿ ಮರುಳಾದವರು ಬಂಟ್ವಾಳ ತಾಲ್ಲೂಕಿನ ನಾಗಸ್ವರ ಮನೆತನದ ಹುಡುಗ, ಕದ್ರಿ ಗೋಪಾಲನಾಥ್. 1980ರ ಬೊಂಬಾಯಿ ಜಾಝ್ ಯಾತ್ರಾದಲ್ಲಿ ಅಮೆರಿಕದ ಸ್ಯಾಕ್ಸ್ ವಾದಕ ಜಾನ್ ಹ್ಯಾಂಡಿ ಇವರ ಜೊತೆ ವೇದಿಕೆ ಹತ್ತಿ ನುಡಿಸಿದ್ರು. ಅವರು ವಾದ್ಯ ತಗೊಂಡ್ರು, ಸ್ವಿಂಗ್ ತಗೊಳ್ಳಲಿಲ್ಲ. ಅದೇ ಸರಿ. ಕುದುರೆ ಬದಲು ಸೈಕಲ್ ಹತ್ತಿದ ಮೇಲೆ ಕುದುರೆ ಥರ ಕೆನೆಯೋದು ಬೇಡ.

ಕೊನೆಗೆ ಒಂದು ಕೇಳೋ ಕ್ರಮ ಹೇಳ್ತೀನಿ, ಇವತ್ತು ರಾತ್ರಿ ಅರ್ಧ ಗಂಟೆ ಸಾಕು, ಹೆಡ್‌ಫೋನ್ ಇದ್ರೆ ಒಳ್ಳೇದು. ಮೊದಲು ಪ್ರೀಮಾನ 'ಜಂಪ್ ಜೈವ್', ತಕ್ಷಣ ಸೆಟ್ಜರ್‌ದು. ಎರಡರಲ್ಲೂ ಗಾಯಕ ಸುಮ್ನಾದ ಜಾಗದಲ್ಲಿ ಯಾರು ಮಾತಾಡ್ತಾರೆ ಅಂತ ಮಾತ್ರ ನೋಡಿ. ಆಮೇಲೆ ಗೀತಾ ದತ್, ಆಮೇಲೆ 'ಫಿಫಿ'. ಆಮೇಲೆ 'ಅಲ್ಬೇಲಾ'ದ ಹಾಡುಗಳನ್ನ ವಿಡಿಯೊ ಸಮೇತ ಹಾಕಿ, ಭಗವಾನ್ ಮೇಲಿಂದ ಕಣ್ಣು ಸರಿಸಿ, ಹಿಂದೆ ಟ್ರಂಪೆಟ್ ಹಿಡಿದು ನಿಂತಿರೋ ಮನುಷ್ಯನನ್ನ ಹುಡುಕಿ.